ಬ್ರೂಫರ್ಡ್: ಯಾವ ಆಲ್ಬಮ್‌ನಿಂದ ಶುರು ಮಾಡಬೇಕು?

ಬಿಲ್ ಬ್ರೂಫರ್ಡ್ ರಾಕ್ ಡ್ರಮ್ಮರ್ರೋ ಜಾಝ್ ಡ್ರಮ್ಮರ್ರೋ, ಮೊದಲು ಯಾವುದು ಕೇಳಲಿ ಎಂದು ಕೇಳಿದ್ದೀರಿ. ಎರಡೂ ಹೌದು. ಯೆಸ್ ಬ್ಯಾಂಡಿನ 'ಕ್ಲೋಸ್ ಟು ದಿ ಎಡ್ಜ್' (1972) ಹಾಕಿ, ಸ್ನೇರ್ (ಡ್ರಮ್ ಸೆಟ್ಟಿನ ಚುರುಕು ಸದ್ದಿನ ಚಿಕ್ಕ ಡ್ರಮ್) ಮೇಲೆ ಕಿವಿಯಿಡಿ. ಟಣ್ ಅನ್ನುವ ಆ ಪೆಟ್ಟು ಒಮ್ಮೆ ತಲೆಯಲ್ಲಿ ಕೂತರೆ ಮುಂದೆ ಎಲ್ಲಿ ಕೇಳಿದರೂ ಇದು ಅವರೇ ಅಂತ ಗೊತ್ತಾಗಿಬಿಡುತ್ತದೆ. ಆ ಆಲ್ಬಮ್ ಹೊರಬರುವ ಮೊದಲೇ ಅವರು ಬ್ಯಾಂಡ್ ಬಿಟ್ಟು ಕಿಂಗ್ ಕ್ರಿಮ್ಸನ್ ಅನ್ನುವ ಇನ್ನೊಂದು ರಾಕ್ ಬ್ಯಾಂಡಿಗೆ ಹೊರಟಿದ್ದರು. ಹೆಸರು ಬರುತ್ತಿದ್ದ ಹೊತ್ತಿನಲ್ಲಿ ಯಾರು ಹಾಗೆ ಮಾಡುತ್ತಾರೆ, ಅಲ್ವಾ? ನನಗಂತೂ ಅದಕ್ಕೇ ಅವರು ಜಾಸ್ತಿ ಇಷ್ಟ.

ಆಮೇಲೆ ಕಿಂಗ್ ಕ್ರಿಮ್ಸನ್‌ನ 1981ರ ಆಲ್ಬಮ್ 'ಡಿಸಿಪ್ಲಿನ್'. ಜಾಝ್ ಬೇಕಿದ್ದರೆ 1986ರಲ್ಲಿ ಅವರು ಕಟ್ಟಿದ ಅರ್ಥ್‌ವರ್ಕ್ಸ್ ಬ್ಯಾಂಡ್. ಅಲ್ಲಿ ಎಲೆಕ್ಟ್ರಾನಿಕ್ ಪ್ಯಾಡ್‌ಗಳ ಮೇಲೆ ಕೋಲಿನಿಂದಲೇ ರಾಗ ನುಡಿಸುತ್ತಾರೆ. ಆ ಸದ್ದು ಈಗ ಸ್ವಲ್ಪ ಹಳೇದು ಅನ್ನಿಸಬಹುದು, ಎರಡನೇ ಸಲ ಕೇಳಿ ನೋಡಿ.