ಎತ್ತರ ಜಿಗಿತ: ಕೊನೆಯಲ್ಲಿ ಬಾಗಿ ಓಡುವುದೇಕೆ?

ನೇರ ಓಡಿದರೆ ವೇಗ ಹೆಚ್ಚು ಸಿಗುತ್ತದಲ್ಲ, ಕೋಚ್ ನಿಮ್ಮ ಮಗಳನ್ನು ಕೊನೆಯ ನಾಲ್ಕೈದು ಹೆಜ್ಜೆ ಬಾಗಿ ಓಡಿಸುವುದೇಕೆ ಅಂತ ಕೇಳಿದ್ದೀರಿ. ಕೋಚ್ ಮಾಡಿಸುತ್ತಿರುವುದು ಸರಿಯಾಗಿದೆ.

ತಿರುವಿನಲ್ಲಿ ಬೈಕ್ ವಾಲುವ ಹಾಗೆ, ಬಾಗಿ ಓಡುವಾಗ ಮೈ ಒಳಕ್ಕೆ ವಾಲುತ್ತದೆ. ಮಂಡಿ ಹೆಚ್ಚು ಮಡಚದೆಯೇ ಗುರುತ್ವ ಕೇಂದ್ರ (ಮೈಯ ತೂಕವೆಲ್ಲ ಸೇರಿದಂತಿರುವ ಬಿಂದು) ಕೆಳಗಿಳಿಯುತ್ತದೆ. ಹಾಗಾಗಿ ನೆಲ ಒದೆಯುವಾಗ ಅದನ್ನು ಮೇಲೆತ್ತಲು ಹೆಚ್ಚು ದೂರ ಸಿಗುತ್ತದೆ. ವಾಲಿದ ಮೈ ಒದೆಯುವ ಗಳಿಗೆಯಲ್ಲಿ ನೆಟ್ಟಗಾಗುತ್ತದಲ್ಲ, ಅವಳನ್ನು ಬಾರ್ ಮೇಲೆ ಮಲಗಿಸುವ ತಿರುಗುವಿಕೆಗೂ ಅದೇ ನೆರವು. ನನಗೆ ಈ ಆಟದಲ್ಲಿ ಅತಿ ಸುಂದರವೆನಿಸುವುದು ಇದೇ.

ಕಾಲು ನೆಲ ಬಿಟ್ಟ ಮೇಲೆ ಗುರುತ್ವ ಕೇಂದ್ರದ ಹಾದಿಯನ್ನು ಬದಲಿಸಲಾಗದು. ಆದರೆ ಬೆನ್ನು ಕಮಾನಿನಂತೆ ಬಾಗಿದರೆ, ಕೇಂದ್ರ ಬಾರ್‌ಗಿಂತ ಕೆಳಗೇ ಹಾದುಹೋದರೂ ಮೈ ಮೇಲಿಂದ ದಾಟಬಹುದು. ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಜಿಗಿದು ಚಿನ್ನ ಗೆದ್ದದ್ದು ಹೀಗೆ ಬೆನ್ನು ಕೆಳಗಾಗಿಯೇ.

ಮುಂದಿನಿಂದ ವಿಡಿಯೊ ತೆಗೆದು ನೋಡಿ: ವಾಲುವಿಕೆ ಕಣಕಾಲಿನಿಂದ ಬರಬೇಕು, ಸೊಂಟದಿಂದಲ್ಲ. ಒಂದು ಮಾತು, ದಪ್ಪ ಫೋಮ್ ಹಾಸಿಗೆ ಇಲ್ಲದ ಮೈದಾನದಲ್ಲಿ ದಯವಿಟ್ಟು ಈ ಬೆನ್ನು ಕೆಳಗಾಗಿ ದಾಟುವ ಜಿಗಿತವನ್ನು ಮಾಡಿಸಬೇಡಿ. ಮರಳಿನ ಗುಂಡಿಯಲ್ಲಿ ಕತ್ತರಿ ಜಿಗಿತವಷ್ಟೇ (ಒಂದಾದ ಮೇಲೊಂದು ಕಾಲೆತ್ತಿ ದಾಟಿ, ಕಾಲ ಮೇಲೇ ಇಳಿಯುವುದು) ಸಾಕು. ಅಲ್ಲಿ ಬೆನ್ನಿನ ಮೇಲೆ ಬಿದ್ದರೆ ಕುತ್ತಿಗೆಗೆ ಅಪಾಯ.