ಒಂದು ಫ್ಲೋರ್ ಬೀಮ್‌ಗೆ ಇಡೀ ವಿಮಾನವನ್ನು ಜ್ಯಾಕ್ ಮೇಲೆ ಯಾಕೆ?

ತುಕ್ಕು ಹಿಡಿದ ಒಂದೇ ಒಂದು ಫ್ಲೋರ್ ಬೀಮ್ (ವಿಮಾನದ ಒಳಗಿನ ನೆಲ ಹೊರುವ ಅಡ್ಡ ತೊಲೆ) ಬದಲಿಸೋಕೆ ವಿಮಾನವನ್ನೇ ಎತ್ತಿ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ಬೀಮ್ ಅಂದರೆ ಸುಮ್ನೆ ಸೀಟು ಹೊರುವ ತೊಲೆ ಅಲ್ಲ. ಅದರ ಎರಡೂ ತುದಿ ವಿಮಾನದ ಫ್ರೇಮ್‌ಗೆ, ಅಂದರೆ ಒಡಲಿಗೆ ಆಕಾರ ಕೊಡುವ ಬಳೆಯಂಥ ಪಕ್ಕೆಲುಬಿಗೆ, ಸೇರಿರುತ್ತದೆ. ಚಕ್ರದ ಮೇಲೆ ನಿಂತಾಗ ಒಡಲು ಚೂರು ಬಾಗಿರುತ್ತದೆ. ಹಾಗೇ ಬಿಚ್ಚಿದರೆ ಫ್ರೇಮ್ ಜರುಗಬಹುದು, ಆಮೇಲೆ ಹೊಸ ಬೀಮ್‌ನ ತೂತುಗಳು ಕೂಡಿ ಬರಲ್ಲ. ಅದಕ್ಕೇ ಜ್ಯಾಕ್, ಜೊತೆಗೆ ಆಸರೆ.

ಬೀಮ್ ಹಾಳಾಗೋದು ಜಾಸ್ತಿ ಗ್ಯಾಲಿ (ವಿಮಾನದ ಅಡುಗೆ ಜಾಗ), ಟಾಯ್ಲೆಟ್‌ಗಳ ಕೆಳಗೆ. ಚೆಲ್ಲಿದ ಕಾಫಿ, ಜ್ಯೂಸ್ ಎಲ್ಲ ನೆಲದ ಪ್ಯಾನೆಲ್ ಸಂದಿಯಲ್ಲಿ ಇಳಿಯುತ್ತದೆ. ಮೊದಲು ಬಣ್ಣ ಗುಳ್ಳೆ ಏಳುತ್ತದೆ, ಕೆರೆದರೆ ಬಿಳಿ ಪುಡಿ, ಅದರಡಿ ಅಲ್ಯೂಮಿನಿಯಂ ಪದರ ಪದರವಾಗಿ ಉಬ್ಬಿರುತ್ತದೆ. ಕೆರೆದು ತೆಗೆದ ಮೇಲೆ ಉಳಿದ ದಪ್ಪ ರಿಪೇರಿ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗಿದ್ದರೆ ಬೀಮ್ ಉಳಿಯಿತು. ಇಲ್ಲದಿದ್ದರೆ ತೇಪೆ, ಅದೂ ಆಗದಿದ್ದರೆ ಹೊಸದು. ಹೊಸದಕ್ಕೆ ರಿವೆಟ್ ಹಾಕುವಾಗಲೂ ಹಸಿ ಸೀಲಂಟ್ (ತೇವ ಒಳಗಿಳಿಯದಂತೆ ತಡೆಯುವ ಅಂಟು) ಬಳಿಯಬೇಕು, ಈ ಹಂತದಲ್ಲಿ ಸೋಮಾರಿತನ ಬೇಡ. ಬೋಯಿಂಗ್ 787ರಲ್ಲಿ ಬೀಮ್‌ಗಳೇ ಕಾರ್ಬನ್ ಫೈಬರ್, ಈ ತುಕ್ಕಿನ ಕಾಟ ಇಲ್ಲ.

ವಿಮಾನದ ನೆಲ ಅಷ್ಟು ಮುಖ್ಯವಾ ಅಂದಿರಲ್ವಾ? 1974ರಲ್ಲಿ ಪ್ಯಾರಿಸ್ ಬಳಿ ಟರ್ಕಿಯ ಡಿಸಿ-10 ವಿಮಾನದ ಕಾರ್ಗೋ ಬಾಗಿಲು ಹಾರಾಟದಲ್ಲಿ ಕಿತ್ತು, ಮೇಲಿನ ಗಾಳಿಯ ಒತ್ತಡಕ್ಕೆ ನೆಲ ಕುಸಿಯಿತು. ವಿಮಾನವನ್ನು ನಿಯಂತ್ರಿಸುವ, ನೆಲದಡಿಯ ಕಂಟ್ರೋಲ್ ಕೇಬಲ್‌ಗಳು ತುಂಡಾದವು. 346 ಜನ ಸತ್ತರು.