ಫ್ಲೈವೀಲ್ ಇದ್ದರೂ ಗವರ್ನರ್ ಏಕೆ?

ಪ್ರಶ್ನೆ: ಕಲ್ಲು ಒಡೆಯುವ ಜಾ ಕ್ರಷರ್‌ಗೆ ಅಷ್ಟು ಭಾರದ ಫ್ಲೈವೀಲ್ (ಯಂತ್ರದೊಂದಿಗೆ ತಿರುಗುವ ಗಾಲಿ) ಇರುವಾಗ, ಅದನ್ನು ನಡೆಸುವ ಡೀಸೆಲ್ ಎಂಜಿನ್‌ಗೆ ಗವರ್ನರ್ (ವೇಗ ನಿಯಂತ್ರಿಸುವ ಸಾಧನ) ಏಕೆ ಬೇಕು?

ಉತ್ತರ: ಎರಡೂ ವೇಗದ ಏರಿಳಿತವನ್ನೇ ತಡೆಯುತ್ತವೆಂದು ತೋರಿದರೂ, ಅವು ಎದುರಿಸುವ ಏರಿಳಿತಗಳು ಬೇರೆ ಬೇರೆ. 1858ರಲ್ಲಿ ಎಲಿ ವಿಟ್ನಿ ಬ್ಲೇಕ್ ಪೇಟೆಂಟ್ ಪಡೆದ ಕಾಲದಿಂದಲೂ ಈ ಯಂತ್ರದ ಚಲಿಸುವ ದವಡೆ ಪ್ರತಿ ಸುತ್ತಿನ ಸುಮಾರು ಅರ್ಧಭಾಗದಲ್ಲಿ ಮಾತ್ರ ಕಲ್ಲನ್ನು ಒತ್ತುತ್ತದೆ. ದವಡೆ ಹಿಂದೆ ಸರಿಯುವಾಗ ಫ್ಲೈವೀಲ್ ಶಕ್ತಿಯನ್ನು ಕೂಡಿಟ್ಟುಕೊಂಡು, ಮುಂದಿನ ಒತ್ತಿಗೆ ಬಿಟ್ಟುಕೊಡುತ್ತದೆ. ಆದರೆ ಗಟ್ಟಿ ಕಲ್ಲು ನಿಮಿಷಗಟ್ಟಲೆ ಬೀಳುತ್ತಲೇ ಇದ್ದರೆ ಆ ಉಳಿತಾಯ ಕರಗಿಹೋಗುತ್ತದೆ, ಏಕೆಂದರೆ ಫ್ಲೈವೀಲ್ ತಾನಾಗಿ ಶಕ್ತಿಯನ್ನು ಹುಟ್ಟಿಸಲಾರದು. ಆಗ ಇಂಧನವನ್ನೇ ಹೆಚ್ಚಿಸಬೇಕು. ಹೊರೆ ತಟ್ಟನೆ ಇಳಿದಾಗ ತಗ್ಗಿಸಬೇಕು. ಅದು ಗವರ್ನರ್‌ನ ಕೆಲಸ.

1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ, ತಿರುಗುವ ಗುಂಡುಗಳು ವೇಗ ಹೆಚ್ಚಿದಂತೆ ಮೇಲೇರಿ ಉಗಿಯನ್ನು ತಗ್ಗಿಸುವ ಗವರ್ನರ್ ನನಗೆ ಇಂದಿಗೂ ಬೆರಗು ತರುತ್ತದೆ. ಆದರೂ ಅದಕ್ಕೊಂದು ಮಿತಿಯಿದೆ: ಗುಂಡುಗಳ ಮಟ್ಟದಿಂದ ತೋಳುಗಳು ಸೇರುವ ಬಿಂದುವಿನ ಎತ್ತರವು ವೇಗದ ವರ್ಗಕ್ಕೆ ವಿಲೋಮವಾಗಿರುವುದರಿಂದ, ನಿಮಿಷಕ್ಕೆ 60 ಸುತ್ತಿನಲ್ಲಿ ಸುಮಾರು 25 ಸೆಂ.ಮೀ. ಇರುವ ಎತ್ತರ 300 ಸುತ್ತಿನಲ್ಲಿ 1 ಸೆಂ.ಮೀ.ಗೆ ಕುಗ್ಗುತ್ತದೆ. ಅಷ್ಟು ಕಡಿಮೆ ಎತ್ತರದಲ್ಲಿ ಗುಂಡುಗಳು ಏರಿಳಿಯಲು ಜಾಗವೇ ಉಳಿಯದು. ಹೀಗಾಗಿ ವೇಗದ ಎಂಜಿನ್‌ಗಳ ಗವರ್ನರ್‌ಗೆ ಸ್ಪ್ರಿಂಗ್ ಜೋಡಿಸುತ್ತಾರೆ.